ಲವಂಗದ ಪರಿಮಳ: ಹಿತವೆಷ್ಟು, ಮಿತವೆಷ್ಟು?

ಲವಂಗವೆಂದೊಡನೆ ನಮ್ಮ ನೆನಪಿಗೆ ಬರುವುದು ಅಡುಗೆಮನೆಯ ಮಸಾಲೆ ಡಬ್ಬಿ, ವೀಳ್ಯದ ಮಡಿಕೆಗೆ ಚುಚ್ಚಿದ ಪುಟ್ಟ ಮೊಗ್ಗು, ಹಲ್ಲುನೋವಿನ ರಾತ್ರಿಯಲ್ಲಿ ಮನೆಯ ಹಿರಿಯರು ದವಡೆಗೆ ಒತ್ತಿಕೊಳ್ಳಲು ಕೊಡುವ ಒಂದು ಕಾಳು. ನಾಲಗೆಗೂ ಹಲ್ಲಿಗೂ ಅದು ಹಳೆಯ ಪರಿಚಯ. ಆದರೆ ಮೂಗಿಗೆ ಅದು ನಿತ್ಯವೂ ಒದಗುತ್ತಿದ್ದರೂ ಅನೇಕ ವೇಳೆ ನಮಗೆ ಗುರುತು ಸಿಗುವುದಿಲ್ಲ. ಮೈಗೆ ಹಚ್ಚುವ ಸಾಬೂನು, ಮುಖಕ್ಕೆ ಬಳಿಯುವ ಪುಡಿ, ಕ್ಷೌರದ ಬಳಿಕ ಸವರುವ ದ್ರವ, ಬಟ್ಟೆಗೆ ಸಿಂಪಡಿಸುವ ಅತ್ತರು, ಮನೆಯಲ್ಲಿ ಹಚ್ಚುವ ಊದುಬತ್ತಿ: ಇವುಗಳಲ್ಲಿ ಹಲವದರ ಒಳಗೆ ಲವಂಗದ ಗಂಧ ಬೇರೆ ಬೇರೆ ವೇಷಗಳಲ್ಲಿ ಅಡಗಿದೆ. ಗುಲಾಬಿಯೆಂದು ನಾವು ಮೂಸುವ ಪರಿಮಳದಲ್ಲಿಯೂ ಅದರ ಎಳೆಯೊಂದು ಇರಬಹುದು.

ಆರೋಗ್ಯದ ಪುಟದಲ್ಲಿ ಸುಗಂಧದ ಮಾತೇಕೆ ಎಂಬ ಪ್ರಶ್ನೆ ಸಹಜ. ಇತ್ತೀಚಿನ ವರ್ಷಗಳಲ್ಲಿ ಲವಂಗದ ಎಣ್ಣೆಯ ಸಣ್ಣ ಸೀಸೆಗಳು ಔಷಧದಂಗಡಿಯಿಂದ ನೇರವಾಗಿ ಮನೆಯ ಕಪಾಟಿಗೆ ಬಂದು ಕುಳಿತಿವೆ. 'ಗಿಡಮೂಲದ್ದು, ಆದ್ದರಿಂದ ನಿರಪಾಯಕಾರಿ' ಎಂಬ ನಂಬಿಕೆಯಿಂದ ಅದನ್ನು ಮೈಗೆ ಸವರುವವರೂ, ಸ್ನಾನದ ನೀರಿಗೆ ಬೆರೆಸುವವರೂ, ಮಕ್ಕಳ ಎದೆಗೆ ಹಚ್ಚುವವರೂ ಇದ್ದಾರೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಅರಿಯಬೇಕಾದರೆ, ಆ ಪರಿಮಳ ಎಲ್ಲಿಂದ ಬಂದಿತು, ಅದರೊಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಮೊಗ್ಗಿನೊಳಗಿನ ಗಂಧ

ಲವಂಗವು ಕಾಯಿಯಲ್ಲ, ಬೀಜವೂ ಅಲ್ಲ. ಅರಳುವ ಮುನ್ನವೇ ಕೊಯ್ದು ಒಣಗಿಸಿದ ಹೂವಿನ ಮೊಗ್ಗು. ನಾಲ್ಕು ಪುಟ್ಟ ಹಲ್ಲುಗಳ ನಡುವೆ ಕಾಣುವ ಉರುಟಾದ ತಲೆಯೇ ಬಿರಿಯದೆ ಉಳಿದ ಎಸಳುಗಳ ಗಂಟು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿಜಿಜಿಯಂ ಅರೋಮ್ಯಾಟಿಕಂ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ನೇರಳೆಯೂ ಇದೇ ಸಿಜಿಜಿಯಂ ಕುಲಕ್ಕೆ ಸೇರಿದ್ದು. ಪೇರಲ, ನೀಲಗಿರಿಗಳು ಅದೇ ಕುಟುಂಬದ ದಾಯಾದಿಗಳು.

ಮರ ಫಲ ಕೊಡಲು ಏಳೆಂಟು ವರ್ಷ ಕಾಯಬೇಕು. ಹಸಿರು ಮೊಗ್ಗು ನಸುಗೆಂಪಿಗೆ ತಿರುಗಿದೊಡನೆ ಗೊಂಚಲುಗಳನ್ನು ಕೈಯಿಂದ ಬಿಡಿಸಬೇಕು. ಅರಳಿಬಿಟ್ಟರೆ ಅದರ ಬೆಲೆಯೂ ಗಂಧವೂ ಇಳಿದುಹೋಗುತ್ತವೆ. ನಾಲ್ಕೈದು ದಿನ ಬಿಸಿಲಿಗೆ ಹರವಿದಾಗ ತೂಕ ಮೂರನೆಯ ಒಂದು ಭಾಗಕ್ಕೆ ಇಳಿದು, ಮೊಗ್ಗು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಕಿಲೋ ಒಣ ಲವಂಗದಲ್ಲಿ 11,000ದಿಂದ 15,000 ಮೊಗ್ಗುಗಳಿರುತ್ತವೆ. ಅಷ್ಟೂ ಮೊಗ್ಗುಗಳನ್ನು ಯಾರೋ ಮರವೇರಿ ಬಿಡಿಸಿ ತಂದಿರುತ್ತಾರೆ. ಭಾರತದಲ್ಲಿ ತಮಿಳುನಾಡಿನ ಕನ್ಯಾಕುಮಾರಿ, ನೀಲಗಿರಿ, ತೆಂಕಾಶಿ ಬೆಟ್ಟಗಳು, ಕೇರಳದ ಕೆಲವು ಜಿಲ್ಲೆಗಳು ಹಾಗೂ ನಮ್ಮ ದಕ್ಷಿಣ ಕನ್ನಡ ಈ ಬೆಳೆಯ ನೆಲೆಗಳು.

ಒಣ ಮೊಗ್ಗಿನ ತೂಕದ ಸುಮಾರು 15ರಿಂದ 20 ಪ್ರತಿಶತ ಭಾಗ ಆವಿಯಾಗುವ ಸುಗಂಧ ತೈಲ. ಸಂಬಾರ ಪದಾರ್ಥಗಳಲ್ಲಿ ಇಷ್ಟು ತೈಲವನ್ನು ಹೊತ್ತಿರುವವು ವಿರಳ. ಆ ತೈಲದ ಬಹುಪಾಲು ಯೂಜಿನಾಲ್ ಎಂಬ ಒಂದೇ ರಾಸಾಯನಿಕ; ಉಳಿದಂತೆ ಯೂಜಿನಾಲ್ ಅಸಿಟೇಟ್, ಕ್ಯಾರಿಯೊಫಿಲೀನ್ ಮೊದಲಾದವು ಬೆರೆತಿರುತ್ತವೆ. ಲವಂಗಕ್ಕೆ ಹಿಂದೆ ಇದ್ದ ಯುಜೀನಿಯ ಎಂಬ ಸಸ್ಯನಾಮದಿಂದಲೇ ಯೂಜಿನಾಲ್ ಎಂಬ ಹೆಸರು ಬಂದಿದೆ. ಈ ಯೂಜಿನಾಲ್ ಲವಂಗಕ್ಕೆ ಮಾತ್ರ ಸೇರಿದ ಸ್ವತ್ತಲ್ಲ. ತುಳಸಿಯಲ್ಲಿ ಅದಿದೆ, ದಾಲ್ಚಿನ್ನಿಯ ಎಲೆಯಲ್ಲಿ ಹೇರಳವಾಗಿದೆ, ಗುಲಾಬಿಯ ತೈಲದಲ್ಲಿ ಅಲ್ಪಾಂಶವಾಗಿದೆ. ತುಳಸಿದಳವನ್ನು ಹೊಸಕಿದಾಗ ಲವಂಗದ ನೆನಪಾಗುವುದು ಭ್ರಮೆಯಲ್ಲ. ಎರಡರಲ್ಲಿಯೂ ಇರುವುದು ಅದೇ ಗಂಧವಸ್ತು.

ಬಾಯಿಯ ಸುಗಂಧದಿಂದ ಅರಮನೆಯ ಧೂಪದವರೆಗೆ

ಲವಂಗವನ್ನು ಸುಗಂಧಕ್ಕಾಗಿಯೇ ಬಳಸಿದ ಇತಿಹಾಸ ಬಹಳ ಹಿಂದಿನದು. ಚೀನಾದ ಹಾನ್ ಅರಸರ ಕಾಲದಲ್ಲಿ ಚಕ್ರವರ್ತಿಯೊಡನೆ ಮಾತನಾಡುವ ಅಧಿಕಾರಿಗಳು ಉಸಿರು ಕಂಪಾಗಿರಲೆಂದು ಬಾಯಲ್ಲಿ ಲವಂಗವನ್ನು ಇರಿಸಿಕೊಳ್ಳಬೇಕಿತ್ತು. ನಮ್ಮಲ್ಲಿ ಚರಕಸಂಹಿತೆಯು ದಿನಚರ್ಯೆಯನ್ನು ಹೇಳುವ ಸಂದರ್ಭದಲ್ಲಿ, ಬಾಯಿಯ ಶುದ್ಧಿ, ರುಚಿ ಮತ್ತು ಸೌಗಂಧ್ಯವನ್ನು ಬಯಸುವವರು ಬಾಯಲ್ಲಿ ಧರಿಸಬೇಕಾದ ದ್ರವ್ಯಗಳ ಸಾಲಿನಲ್ಲಿ ಲವಂಗವನ್ನು ಏಲಕ್ಕಿ, ಕರ್ಪೂರ, ವೀಳ್ಯದೆಲೆಗಳೊಡನೆ ಎಣಿಸುತ್ತದೆ. ಕಾಳಿದಾಸನ ರಘುವಂಶದ ಇಂದುಮತಿಯ ಸ್ವಯಂವರದ ಪ್ರಸಂಗದಲ್ಲಿ ಕಡಲ ಗಾಳಿ ಲವಂಗದ ಹೂಗಳನ್ನು ಬೇರೆ ದ್ವೀಪಗಳಿಂದ ಹೊತ್ತು ತರುತ್ತದೆ. ಲವಂಗ ನಮ್ಮ ನೆಲದ ಬೆಳೆಯಲ್ಲ, ಕಡಲಾಚೆಯಿಂದ ಬಂದದ್ದು ಎಂಬ ಅರಿವು ಕವಿಗೆ ಇತ್ತೆಂಬುದು ಇದರಿಂದ ಸ್ಪಷ್ಟ.

ನಮ್ಮ ಕಲ್ಯಾಣದ ನೆಲಕ್ಕೂ ಸುಗಂಧವಿದ್ಯೆಗೂ ಆಳವಾದ ನಂಟಿದೆ. ಕಲ್ಯಾಣ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಿಲೇಪನ, ತಾಂಬೂಲ, ಧೂಪಗಳಿಗೆ ಪ್ರತ್ಯೇಕ ಪ್ರಕರಣಗಳೇ ಇವೆ. ಗಂಧವನ್ನು ತೇಯುವುದು, ಬೆರೆಸುವುದು, ಹೊಗೆಯಾಗಿಸುವುದು ಆ ಕಾಲದಲ್ಲಿಯೇ ಶಾಸ್ತ್ರವಾಗಿ ಬೆಳೆದಿತ್ತು. ಇಂದಿಗೂ ಉತ್ತರ ಪ್ರದೇಶದ ಕನೌಜಿನಲ್ಲಿ ತಯಾರಾಗುವ 'ಶಮಾಮ' ಎಂಬ ಅತ್ತರಿಗೆ ಲವಂಗ, ಏಲಕ್ಕಿ, ಜಾಯಿಕಾಯಿ ಮೊದಲಾದ ಅನೇಕ ಮೂಲಿಕೆಗಳನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ಶ್ರೀಗಂಧದ ಎಣ್ಣೆಯೊಳಗೆ ಇಳಿಸುವ ಪದ್ಧತಿ ಉಳಿದು ಬಂದಿದೆ.

ಯುರೋಪಿನಲ್ಲಿ ದುರ್ಗಂಧವೇ ರೋಗದ ಮೂಲವೆಂದು ನಂಬಿದ್ದ ಕಾಲದಲ್ಲಿ, ಪ್ಲೇಗಿನ ಭಯಕ್ಕೆ ಜನ ಲವಂಗ ಮುಂತಾದ ಸುಗಂಧದ್ರವ್ಯಗಳ ಉಂಡೆಗಳನ್ನು ಮೂಗಿನ ಬಳಿ ಹಿಡಿದು ಓಡಾಡುತ್ತಿದ್ದರು. ಪ್ಲೇಗನ್ನು ಹರಡುತ್ತಿದ್ದುದು ವಾಸನೆಯಲ್ಲ, ಚಿಗಟದ ಕಡಿತದಿಂದ ದೇಹ ಸೇರುತ್ತಿದ್ದ ಸೂಕ್ಷ್ಮಜೀವಿ. ಆದ್ದರಿಂದ ಆ ಉಂಡೆಗಳು ಯಾರನ್ನೂ ಕಾಪಾಡಲಿಲ್ಲ. ಪರಿಮಳವು ಮನಸ್ಸಿಗೆ ಧೈರ್ಯ ಕೊಡಬಲ್ಲದು, ರೋಗಕ್ಕೆ ತಡೆಗೋಡೆಯಾಗಲಾರದು ಎಂಬ ಈ ಪಾಠವನ್ನು ನಾವು ಇಂದಿಗೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಪರಿಮಳಕ್ಕೆ ತೆತ್ತ ಬೆಲೆ

ಲವಂಗದ ತವರು ಇಂದಿನ ಇಂಡೊನೇಷ್ಯಾದ ಮಲುಕು ದ್ವೀಪಗಳು. ಟೆರ್ನಾಟೆ, ಟಿಡೋರೆ ಮುಂತಾದ ಪುಟ್ಟ ಜ್ವಾಲಾಮುಖಿ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಈ ಮೊಗ್ಗಿಗಾಗಿ ಪೋರ್ಚುಗೀಸರು, ಸ್ಪೇನಿನವರು, ಡಚ್ಚರು ಹೊಡೆದಾಡಿದರು. 17ನೆಯ ಶತಮಾನದಲ್ಲಿ ಮೇಲುಗೈ ಪಡೆದ ಡಚ್ ಈಸ್ಟ್ ಇಂಡಿಯಾ ಕಂಪನಿಯು ಬೆಲೆಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಲೆಂದು, ಅಂಬೋನ್ ಮತ್ತು ಅದರ ನೆರೆಯ ಕೆಲವು ದ್ವೀಪಗಳನ್ನು ಬಿಟ್ಟು ಉಳಿದೆಡೆಯ ಲವಂಗದ ಮರಗಳನ್ನೆಲ್ಲ ಕಡಿಸಿತು. 1652ರಲ್ಲಿ ಟೆರ್ನಾಟೆಯ ಸುಲ್ತಾನನಿಂದಲೇ ಈ ನಾಶಕ್ಕೆ ಒಪ್ಪಂದ ಬರೆಸಿಕೊಳ್ಳಲಾಯಿತು. ಬೆಳೆಯನ್ನೇ ನೆಚ್ಚಿದ್ದ ಜನ ಎದುರು ನಿಂತಾಗ ರಕ್ತ ಹರಿಯಿತು. 1770ರಲ್ಲಿ ಪಿಯರ್ ಪ್ವಾವ್ರ್ ಎಂಬ ಫ್ರೆಂಚ್ ಅಧಿಕಾರಿಯ ಪ್ರಯತ್ನದಿಂದ ಸಸಿಗಳು ಗುಟ್ಟಾಗಿ ಮಾರಿಷಸ್ ಸೇರಿದ ಬಳಿಕವೇ ಆ ಏಕಸ್ವಾಮ್ಯ ಸಡಿಲಗೊಂಡಿತು. ಮುಂದೆ ಜಾಂಜಿಬಾರ್, ಪೆಂಬಾ, ಮಡಗಾಸ್ಕರ್‌ಗಳಲ್ಲಿ ತೋಟಗಳು ಎದ್ದವು. ಜಾಂಜಿಬಾರಿನ ತೋಟಗಳನ್ನು ಬೆಳೆಸಿದ್ದು ಗುಲಾಮರ ದುಡಿಮೆ. ಬೆರಳ ತುದಿಯಲ್ಲಿ ಹಿಡಿಯುವ ಒಂದು ಮೊಗ್ಗಿನ ಹಿಂದೆ ಇಷ್ಟೆಲ್ಲ ಜನರ ಕಣ್ಣೀರು, ಬೆವರು ಇದೆ ಎಂಬುದನ್ನು ಅರಿತಾಗ ಅದನ್ನು ಹಗುರವಾಗಿ ಪೋಲುಮಾಡಲು ಮನಸ್ಸು ಬಾರದು.

ಸುಗಂಧ ತಯಾರಕನ ಮೇಜಿನ ಮೇಲೆ

ಲವಂಗದ ಎಣ್ಣೆಯಲ್ಲಿ ಮೂರು ಬಗೆ: ಮೊಗ್ಗಿನದು, ತೊಟ್ಟಿನದು, ಎಲೆಯದು. ಮೂರನ್ನೂ ಹಬೆ ಹಾಯಿಸಿಯೋ ನೀರಿನಲ್ಲಿ ಕುದಿಸಿಯೋ ಬಟ್ಟಿ ಇಳಿಸಿ ಪಡೆಯುತ್ತಾರೆ. ಅನೇಕ ಸುಗಂಧ ತೈಲಗಳು ನೀರಿನ ಮೇಲೆ ತೇಲಿದರೆ, ಲವಂಗದ ಎಣ್ಣೆ ನೀರಿಗಿಂತ ಭಾರವಾದುದರಿಂದ ತಳಕ್ಕೆ ಇಳಿಯುತ್ತದೆ. ಕಬ್ಬಿಣ ತಗುಲಿದರೆ ಕಪ್ಪಾಗುವುದರಿಂದ ಅದನ್ನು ಗಾಜಿನಲ್ಲಿಯೋ ತುಕ್ಕು ಹಿಡಿಯದ ಉಕ್ಕಿನಲ್ಲಿಯೋ ತುಂಬಿಡುತ್ತಾರೆ. ಮೊಗ್ಗಿನ ಎಣ್ಣೆ ದುಬಾರಿ. ಅದರ ಗಂಧ ದುಂಡಗೆ, ಹಣ್ಣಿನ ಸಿಹಿಯ ಛಾಯೆಯೊಡನೆ ಬರುತ್ತದೆ. ಎಲೆಯ ಎಣ್ಣೆ ಅಗ್ಗ. ಅದರ ವಾಸನೆ ಒರಟು, ತುಸು ಔಷಧಿಯಂತೆ. ಅಗ್ಗದ ಸಾಬೂನು, ಊದುಬತ್ತಿಗಳಿಗೆ ಬರುವುದು ಸಾಮಾನ್ಯವಾಗಿ ಎಲೆಯ ಎಣ್ಣೆ ಅಥವಾ ಅದರಿಂದ ಬೇರ್ಪಡಿಸಿದ ಯೂಜಿನಾಲ್.

ಅತ್ತರನ್ನು ಹಚ್ಚಿದೊಡನೆ ಮೊದಲು ಎದ್ದು ಹಾರಿಹೋಗುವುದು ನಿಂಬೆ, ಕಿತ್ತಳೆಗಳಂತಹ ಹಗುರ ಗಂಧ. ಕೊನೆಯವರೆಗೆ ಚರ್ಮದ ಮೇಲೆ ನಿಲ್ಲುವುದು ಶ್ರೀಗಂಧ, ರಾಳಗಳಂತಹ ಭಾರದ ಗಂಧ. ಲವಂಗ ಇವೆರಡರ ನಡುವೆ ನಿಂತು ಮಿಶ್ರಣಕ್ಕೆ ಬಿಸುಪನ್ನು ತುಂಬುತ್ತದೆ. ಗುಲಾಬಿಗೆ ಗಾಂಭೀರ್ಯವನ್ನೂ, ವೆನಿಲ್ಲಾಗೆ ಖಾರವನ್ನೂ ಕೊಡುತ್ತದೆ. ಕಾರ್ನೇಷನ್ ಎಂಬ ಹೂವಿನ ಪರಿಮಳವನ್ನು ಕಟ್ಟಿಕೊಡಲು ಅದೇ ಮುಖ್ಯ ಸಾಧನ. ಆ ಹೂವಿನಲ್ಲಿಯೂ ಯೂಜಿನಾಲ್ ಇರುವುದರಿಂದ ಲವಂಗದ ಎಣ್ಣೆ, ಗುಲಾಬಿ, ವೆನಿಲ್ಲಾಗಳನ್ನು ಹದವರಿತು ಬೆರೆಸಿದರೆ ಕಾರ್ನೇಷನ್ ಅರಳಿದಂತೆಯೇ ಭಾಸವಾಗುತ್ತದೆ. 1948ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ 'ಲೇರ್ ದ್ಯು ತಾಂ', 1977ರ 'ಓಪಿಯಂ' ಎಂಬ ಹೆಸರಾಂತ ಸುಗಂಧಗಳಲ್ಲಿ ಈ ಎಳೆ ಎದ್ದು ಕಾಣುತ್ತದೆ. ನಮ್ಮ ಅನೇಕ ಮನೆಗಳ ಹಿರಿಯರು ಕ್ಷೌರದ ಬಳಿಕ ಬಳಸುತ್ತಿದ್ದ 'ಓಲ್ಡ್ ಸ್ಪೈಸ್' 1938ರಲ್ಲಿ ಅಮೆರಿಕದಲ್ಲಿ ಗಂಡಸರಿಗೆಂದು ಮಾರುಕಟ್ಟೆಗೆ ಬಂದದ್ದು. ಅದರ ಖಾರದ ಕಂಪಿನಲ್ಲಿಯೂ ಲವಂಗದ ಪಾಲಿದೆ. ಇನ್ನೊಂದು ಸೋಜಿಗವೆಂದರೆ, ಐಸ್‌ಕ್ರೀಮಿನಲ್ಲಿ ನಾವು ಸವಿಯುವ ವೆನಿಲ್ಲಾದ ಗಂಧವಸ್ತುವನ್ನು ಬಹಳ ವರ್ಷ ಯೂಜಿನಾಲ್‌ನಿಂದಲೇ ತಯಾರಿಸುತ್ತಿದ್ದರು.

ಮೂಗು, ನೆನಪು, ಚರ್ಮ

ಲವಂಗವನ್ನು ಮೂಸಿದಾಗ 'ಬೆಚ್ಚಗಿದೆ' ಎನ್ನಿಸುವುದಕ್ಕೆ ಕಾರಣವಿದೆ. ಯೂಜಿನಾಲ್ ವಾಸನೆಯ ನರವನ್ನಷ್ಟೇ ಅಲ್ಲದೆ, ಉರಿ, ತಂಪು, ಚುಚ್ಚುವಿಕೆಗಳನ್ನು ತಿಳಿಸುವ ನರದ ತುದಿಗಳನ್ನೂ ತಟ್ಟುತ್ತದೆ. ಅದೇ ವಸ್ತು ಹೆಚ್ಚಾದಾಗ ಆ ತುದಿಗಳನ್ನು ಮರಗಟ್ಟಿಸುತ್ತದೆ. ಹಲ್ಲುನೋವಿಗೆ ಲವಂಗ ಒದಗುವುದು ಹೀಗೆ. ದಂತವೈದ್ಯರು ಸತುವಿನ ಆಕ್ಸೈಡಿನೊಡನೆ ಯೂಜಿನಾಲ್ ಕಲಸಿ ತಾತ್ಕಾಲಿಕವಾಗಿ ಹಲ್ಲಿನ ಕುಳಿ ತುಂಬುತ್ತಾರೆ. ಅವರ ಕೊಠಡಿಯ ವಿಶಿಷ್ಟ ವಾಸನೆಗೆ ಅದೇ ಕಾರಣ. ಆದ್ದರಿಂದಲೇ ಒಬ್ಬರಿಗೆ ಹಬ್ಬದ ಅಡುಗೆಯನ್ನು ನೆನಪಿಸುವ ಪರಿಮಳ, ಹಲ್ಲಿನ ಚಿಕಿತ್ಸೆಗೆ ಅಂಜುವ ಇನ್ನೊಬ್ಬರಲ್ಲಿ ಕಳವಳ ಹುಟ್ಟಿಸಬಲ್ಲದು. ರೋಗಿಯಿರುವ ಕೋಣೆಯಲ್ಲಿ ಯಾವ ಸುಗಂಧವನ್ನೇ ಆಗಲಿ ಬಳಸುವ ಮುನ್ನ ಅವರನ್ನು ಕೇಳುವುದು ಒಳ್ಳೆಯದು.

ಚರ್ಮದ ಸಂಗತಿ ಇನ್ನೂ ಗಂಭೀರ. ಯೂಜಿನಾಲ್ ಕೆಲವರ ಚರ್ಮದಲ್ಲಿ ಒಗ್ಗದಿಕೆಯನ್ನು, ಅಂದರೆ ಅಲರ್ಜಿಯನ್ನು ಉಂಟುಮಾಡುತ್ತದೆ. ಅದರ ಸಮೀಪಬಂಧು ಐಸೊಯೂಜಿನಾಲ್ ಇನ್ನೂ ಪ್ರಬಲವಾದ ಅಲರ್ಜಿಕಾರಕ. ಮೊದಲ ದಿನ ಏನೂ ಆಗದಿರಬಹುದು. ಬಳಸುತ್ತ ಹೋದಂತೆ ದೇಹ ಅದನ್ನು 'ಶತ್ರು'ವೆಂದು ಗುರುತಿಸಲು ಕಲಿಯುತ್ತದೆ. ಒಮ್ಮೆ ಕಲಿತರೆ ಮರೆಯುವುದಿಲ್ಲ. ಮುಂದೆ ಅತ್ಯಲ್ಪ ಪ್ರಮಾಣ ತಗುಲಿದರೂ ಕೆಂಪು ದದ್ದು, ತುರಿಕೆ, ನೀರುಗುಳ್ಳೆಗಳು ಏಳುತ್ತವೆ. ಚರ್ಮವೈದ್ಯರು ಸುಗಂಧದ ಅಲರ್ಜಿಯನ್ನು ಪತ್ತೆಹಚ್ಚಲು ಬೆನ್ನಿನ ಮೇಲೆ ಅಂಟಿಸುವ ಪಟ್ಟಿಯ ಪರೀಕ್ಷೆಯಲ್ಲಿ ಈ ಎರಡೂ ವಸ್ತುಗಳು ಸೇರಿವೆ. ಯುರೋಪಿನ ಒಕ್ಕೂಟವು ಇವು ನಿಗದಿತ ಮಿತಿಯನ್ನು ಮೀರಿದ್ದರೆ ಪೊಟ್ಟಣದ ಮೇಲೆ ಹೆಸರಿಸಲೇಬೇಕೆಂದು ವಿಧಿಸಿದೆ: ಮೈಮೇಲೆ ಉಳಿಯುವ ವಸ್ತುವಿನಲ್ಲಿ 0.001 ಪ್ರತಿಶತ, ತೊಳೆದುಹೋಗುವ ವಸ್ತುವಿನಲ್ಲಿ 0.01 ಪ್ರತಿಶತ. ನಾವು ಕೊಳ್ಳುವ ಎಷ್ಟೋ ವಸ್ತುಗಳ ಮೇಲೆ 'ಸುಗಂಧ' ಎಂಬ ಅರ್ಥದ ಒಂದೇ ಪದವಿರುತ್ತದೆ. ಕಾರಣ ತಿಳಿಯದ ತುರಿಕೆ ಕುತ್ತಿಗೆ, ಕಂಕುಳು, ಕೈಗಳಲ್ಲಿ ಪದೇ ಪದೇ ಕಾಣಿಸಿಕೊಂಡರೆ, ಸುಗಂಧವಿರುವ ವಸ್ತುಗಳನ್ನೆಲ್ಲ ಕೆಲವು ವಾರ ಬಿಟ್ಟು ನೋಡಿ, ಚರ್ಮವೈದ್ಯರನ್ನು ಕಾಣಬೇಕು.

ಒಂದು ಸೀಸೆಯ ಲೆಕ್ಕ

ಅಡುಗೆಯ ಲವಂಗ ನಿರಪಾಯವಾದರೆ ಅದರ ಎಣ್ಣೆಗೇಕೆ ಇಷ್ಟು ಅಂಜಿಕೆ? ಲೆಕ್ಕ ಹಾಕಿ ನೋಡೋಣ. ಒಂದು ಮೊಗ್ಗಿನಲ್ಲಿ ಇರುವ ತೈಲ ಸುಮಾರು 10ರಿಂದ 18 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ 5 ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿ ಐದು ಗ್ರಾಮಿಗೂ ಮಿಕ್ಕಿ ತೈಲವಿರುತ್ತದೆ. ಅಂದರೆ ಹೆಬ್ಬೆರಳಿನಷ್ಟು ಗಾತ್ರದ ಆ ಸೀಸೆ ಮುನ್ನೂರರಿಂದ ಐನೂರು ಲವಂಗಗಳಿಗೆ ಸಮ. ಪಲಾವಿಗೆ ನಾಲ್ಕು ಲವಂಗ ಹಾಕುವ ಕೈ ಐನೂರು ಹಾಕುವುದುಂಟೇ?

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ ಯೂಜಿನಾಲ್ ಎಂಬ ಮಿತಿಯನ್ನು ಹೇಳಿದೆ. ಹನ್ನೆರಡು ಕಿಲೋ ತೂಗುವ ಮಗುವಿಗೆ ಇದು 30 ಮಿಲಿಗ್ರಾಂ. ಎಣ್ಣೆಯ ಒಂದು ಹನಿಯೇ ಆ ಮೇರೆಯನ್ನು ಮುಟ್ಟಿಬಿಡುತ್ತದೆ. ಒಂದೆರಡು ಚಮಚದಷ್ಟು ಲವಂಗದ ಎಣ್ಣೆ ಕುಡಿದ ಎರಡು ವರ್ಷದ ಮಗುವೊಂದು ಸೆಳವು ಬಂದು ಪ್ರಜ್ಞೆ ತಪ್ಪಿ, ಯಕೃತ್ತಿಗೆ ತೀವ್ರ ಘಾಸಿಯಾದ ಪ್ರಸಂಗ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಕಂಪು ಸಿಹಿಯಾಗಿರುವುದರಿಂದ ಮಕ್ಕಳು ಸೀಸೆಯನ್ನು ಬಾಯಿಗಿಡುವ ಸಂಭವ ಹೆಚ್ಚು. ಹಾಗಾದಲ್ಲಿ ವಾಂತಿ ಮಾಡಿಸಲು ಯತ್ನಿಸಬಾರದು. ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರ ಅನುಮತಿಯಿಲ್ಲದೆ ಈ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು.

ಹೊಗೆಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಊದುಬತ್ತಿಯ ಕೆಂಡದ ಹಿಂಬದಿಯಲ್ಲಿ ಬಿಸಿಯಾಗುವ ಗಂಧ ಆವಿಯಾಗಿ ನಮ್ಮನ್ನು ತಲುಪುತ್ತದೆ. ಜೊತೆಗೆ ಉರಿದ ಕಡ್ಡಿ, ಪುಡಿ, ಅಂಟುಗಳ ಸೂಕ್ಷ್ಮ ಕಣಗಳೂ ಶ್ವಾಸಕೋಶವನ್ನು ಸೇರುತ್ತವೆ. ಬತ್ತಿಗೆ ಲವಂಗ ಬೆರೆತಿದೆಯೆಂದ ಮಾತ್ರಕ್ಕೆ ಅದರ ಹೊಗೆ ಔಷಧವಾಗದು. ಪೂಜೆಯ ಸೌರಭ ಹೊಗೆಯ ದಟ್ಟಣೆಯಲ್ಲಿಲ್ಲ. ಕಿಟಕಿ ತೆರೆದು ಒಂದು ಬತ್ತಿ ಹಚ್ಚಿದರೆ ಸಾಲದೆ? ಉಬ್ಬಸದವರು, ಹಸುಗೂಸುಗಳು, ಗರ್ಭಿಣಿಯರು ಇರುವ ಕೋಣೆಯಲ್ಲಿ ಅದನ್ನೂ ಬಿಟ್ಟು ಹೂವಿನ ಕಂಪಿನಲ್ಲಿಯೇ ತೃಪ್ತರಾಗುವುದು ಲೇಸು.

ಹಿತವಾಗಿ ಬಳಸುವ ಬಗೆ

ಇಷ್ಟೆಲ್ಲ ಎಚ್ಚರಿಕೆಯ ಅರ್ಥ ಲವಂಗವನ್ನು ದೂರವಿಡಬೇಕೆಂದಲ್ಲ. ಎಣ್ಣೆಯನ್ನು ಬಿಟ್ಟು ಮೊಗ್ಗನ್ನೇ ಆಶ್ರಯಿಸಿದರೆ ಬಹುಪಾಲು ಅಪಾಯ ತಾನಾಗಿ ದೂರವಾಗುತ್ತದೆ. ಹತ್ತು ಹನ್ನೆರಡು ಲವಂಗವನ್ನು ತೆಳು ಹತ್ತಿಬಟ್ಟೆಯಲ್ಲಿ ಗಂಟುಕಟ್ಟಿ ರೇಷ್ಮೆ ಸೀರೆ, ಪುಸ್ತಕಗಳ ನಡುವೆ ಇಟ್ಟರೆ ಮುಗ್ಗಲು ವಾಸನೆ ತಗ್ಗುತ್ತದೆ. ಕಂಪು ಕುಂದಿದಾಗ ಬೆರಳಿನಿಂದ ತುಸು ಜಜ್ಜಿದರೆ ಮತ್ತೆ ಮೇಲೇಳುತ್ತದೆ. ಒಗ್ಗರಣೆಯ ಘಾಟು ತುಂಬಿದ ಅಡುಗೆಮನೆಯಲ್ಲಿ ನಾಲ್ಕು ಲವಂಗ, ನಿಂಬೆ ಅಥವಾ ಕಿತ್ತಳೆಯ ಸಿಪ್ಪೆಗಳನ್ನು ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದರೆ ಹೊಗೆಯಿಲ್ಲದ ಪರಿಮಳ ಮನೆ ತುಂಬುತ್ತದೆ. ಊಟದ ಬಳಿಕ ಒಂದು ಲವಂಗವನ್ನು ಬಾಯಲ್ಲಿ ಇಟ್ಟುಕೊಂಡರೆ ಉಸಿರು ಕಂಪಾಗುತ್ತದೆ. ಇದಕ್ಕೆ ಅಡಿಕೆ, ಹೊಗೆಸೊಪ್ಪುಗಳ ನೆರವು ಬೇಕಿಲ್ಲ.

ಎಣ್ಣೆಯನ್ನೇ ಮೈಗೆ ಹಚ್ಚಬೇಕೆನ್ನುವವರು ಕೊಬ್ಬರಿ ಎಣ್ಣೆಯ ಇನ್ನೂರು ಹನಿಗೆ ಒಂದು ಹನಿಯನ್ನು ಮೀರದಂತೆ ಬೆರೆಸಬೇಕು. ಮೊದಲು ಮುಂಗೈಯ ಒಳಬದಿಯಲ್ಲಿ ಚುಕ್ಕೆಯಷ್ಟು ಹಚ್ಚಿ ಎರಡು ದಿನ ಕಾದು ನೋಡಬೇಕು. ಗಾಯ, ಇಸುಬು ಇರುವ ಚರ್ಮಕ್ಕೆ, ಕಣ್ಣಿನ ಸುತ್ತ, ಎಳೆಯ ಮಕ್ಕಳ ಮೈಗೆ ಅದನ್ನು ತಾಗಿಸಲೇಬಾರದು. ಹಲ್ಲುನೋವಿಗೆ ಲವಂಗ ಒಂದು ರಾತ್ರಿಯ ಆಸರೆಯಷ್ಟೇ. ಬೆಳಗಾದ ಮೇಲೆ ದಂತವೈದ್ಯರ ಬಳಿಗೆ ಹೋಗಲೇಬೇಕು.

ಗ್ರಂಧಿಗೆ ಅಂಗಡಿಯಲ್ಲಿ ಲವಂಗ ಕೊಳ್ಳುವಾಗಲೂ ಕಣ್ಣಿರಲಿ. ತೈಲವನ್ನು ಹಿಂಡಿ ತೆಗೆದ ಜೊಳ್ಳು ಮೊಗ್ಗುಗಳನ್ನು ಒಳ್ಳೆಯದರೊಡನೆ ಬೆರೆಸಿ ಮಾರುವುದುಂಟು. ತೊಟ್ಟನ್ನು ಉಗುರಿನಿಂದ ಒತ್ತಿದಾಗ ತೈಲ ಜಿನುಗಬೇಕು. ಒಂದು ಲೋಟ ನೀರಿಗೆ ಹಾಕಿದರೆ ಒಳ್ಳೆಯ ಮೊಗ್ಗು ಮುಳುಗುತ್ತದೆ, ಇಲ್ಲವೇ ತಲೆ ಮೇಲಾಗಿ ನೆಟ್ಟಗೆ ನಿಲ್ಲುತ್ತದೆ. ಸಾರ ಕಳೆದುಕೊಂಡದ್ದು ಅಡ್ಡಲಾಗಿ ತೇಲುತ್ತದೆ.

ಅತಿಯಾದರೆ ಅಮೃತವೂ ವಿಷವೆಂಬ ಮಾತು ನಮ್ಮ ಹಿರಿಯರದು. ಅವರು ಲವಂಗವನ್ನು ಎಣಿಸಿ ಬಳಸುತ್ತಿದ್ದರು. ಎರಡು ಕಷಾಯಕ್ಕೆ, ಒಂದು ವೀಳ್ಯಕ್ಕೆ. ಆ ಎಣಿಕೆಯಲ್ಲಿ ಜಿಪುಣತನವಿರಲಿಲ್ಲ, ಅನುಭವದ ಅಳತೆಯಿತ್ತು. ಸೀಸೆಯಲ್ಲಿ ಬಂದ ಪರಿಮಳಕ್ಕೂ ಅದೇ ಎಣಿಕೆ ಅನ್ವಯಿಸಲಿ. ಇಂದೇ ನಮ್ಮ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ, ಲವಂಗದ ಎಣ್ಣೆಯ ಸೀಸೆಯಿದ್ದರೆ ಅದರ ಬಿರಟೆಯನ್ನು ಬಿಗಿಗೊಳಿಸಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇರಿಸೋಣ.